ಎರಡು ಫ್ಯಾನಿನ ಕಾರ್ಡು

ಕಲಬುರಗಿಯಲ್ಲಿ ಏನು ಕೊಂಡರೂ ಮೊದಲು ಕೇಳೋದು, "ಎಷ್ಟಕ್ಕ ಬಂತು?" ಉತ್ತರ ಏನೇ ಇರಲಿ, ಮುಂದಿನ ಪ್ರಶ್ನೆ, "ಅಷ್ಟ್ಯಾಕ ಕೊಟ್ಟಿ?" ಇಂಥ ಊರಲ್ಲಿ ಅಣ್ಣನ ಮಗನಿಗೆ ಗೇಮ್ ಆಡಲು ಕಂಪ್ಯೂಟರಿಗೆ ಹಾಕೋ, ಪರದೆಯ ಚಿತ್ರ ಮೂಡಿಸೋ ಗ್ರಾಫಿಕ್ಸ್ ಕಾರ್ಡ್ ಕೊಡಿಸುವ ಕೆಲಸ ನನ್ನ ಕೊರಳಿಗೆ ಬಿತ್ತು. ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಹಾಳೆಯನ್ನು ಒಮ್ಮೆ ಹೊರಗೆ ಎಳೆದಿದ್ದೆ. ಅಂದಿನಿಂದ ಮನೆಯಲ್ಲಿ ನಾನೇ ಕಂಪ್ಯೂಟರ್ ತಜ್ಞ.

ಸೂಪರ್ ಮಾರ್ಕೆಟ್ ಕಡೆಯ ಒಂದು ಅಂಗಡಿಯವ ಜಿಟಿ 730 ಅನ್ನೋ ಕಾರ್ಡ್ ತೆಗೆದಿಟ್ಟ. "ನಾಲ್ಕು ಜಿಬಿ ಅದರೀ ಸರ್, ಮಸ್ತ್ ಅದ." ಹುಡುಗ ನನ್ನ ಕಿವಿಯಲ್ಲಿ, "ಕಾಕಾ, ಇದು 2014ರಾಗ ಬಂದದ್ದು. ಆಗ ನಾ ಒಂದನೇ ಕ್ಲಾಸಿನಾಗಿದ್ದೆ" ಅಂದ. ಒಳಗಿರೋದು ಹಳೇ, ನಿಧಾನದ ಡಿಡಿಆರ್3 ಮೆಮೊರಿ. ಬರೀ ಜಿಬಿ ನೋಡಿ ಕಾರ್ಡ್ ಕೊಳ್ಳೋದು ಅಂದ್ರೆ ಚೀಲದ ಚಂದ ನೋಡಿ ತೊಗರಿ ಕೊಂಡ ಹಾಗೆ.

ಸೆಕೆಂಡ್ ಹ್ಯಾಂಡ್ ನೋಡೋಣ ಅಂದ್ರೆ ಅಲ್ಲಿ ಬೇರೆಯೇ ಕಥೆ. 2022ರ ಸೆಪ್ಟೆಂಬರಿನಲ್ಲಿ ಇಂಥ ಕಾರ್ಡುಗಳಿಂದ ಇಥೀರಿಯಂ ಅನ್ನೋ ಡಿಜಿಟಲ್ ನಾಣ್ಯ ಗಳಿಸೋ ಮೈನಿಂಗ್ ನಿಂತ ಮೇಲೆ, ಅದಕ್ಕಾಗಿ ಹಗಲು ರಾತ್ರಿ ದುಡಿದ ಕಾರ್ಡುಗಳೆಲ್ಲ ತೊಳೆದು ಒರೆಸಿಕೊಂಡು ಮಾರುಕಟ್ಟೆಗೆ ಬಂದವು. ಒಬ್ಬ ಆರ್‌ಎಕ್ಸ್ 580 ಅನ್ನೋ ಅಂಥ ಕಾರ್ಡ್ ತಂದ. ಮೇಲೆ ಫಳಫಳ. ಸ್ಕ್ರೂಗಳ ತಲೆ ಮಾತ್ರ ಸವೆದಿತ್ತು, ಒಳಗಿನ ರೆಕ್ಕೆಗಳಲ್ಲಿ ಕಂದು ಧೂಳು ಗಟ್ಟಿಯಾಗಿ ಕೂತಿತ್ತು. ಹುಡುಗ ಕಾರ್ಡಿನ ಒಳಗುಟ್ಟು ತೋರಿಸೋ ಜಿಪಿಯು-ಝಡ್ ಸಾಫ್ಟ್‌ವೇರ್ ಹಾಕಿ ನೋಡಿದ. 2304 ಕೋರ್, ಅಂದ್ರೆ ಲೆಕ್ಕ ಮಾಡೋ ಘಟಕ, ಇರಬೇಕಾದ ಕಡೆ 2048. ಅಂದ್ರೆ 580 ಬರೀ ಹೆಸರಿಗೆ, ಕೋರ್ ಲೆಕ್ಕದಲ್ಲಿ ಅದಕ್ಕಿಂತ ಕೆಳಗಿನ 570. ಮಾರುವವ ಒಂಚೂರೂ ಅಳುಕಲಿಲ್ಲ. "ಬರೇ 256 ಕಡಿಮಿ ಅವ ಅಣ್ಣಾ, ಅದೇನ್ ದೊಡ್ಡ ಮಾತು!"

ಕೊನೆಗೆ ಸಿಕಂದರಾಬಾದಿನ ಕಂಪ್ಯೂಟರ್ ಮಾರುಕಟ್ಟೆ ಚಿನಾಯ್ ಟ್ರೇಡ್ ಸೆಂಟರಿನಿಂದ ಹೊಸ ಆರ್‌ಎಕ್ಸ್ 6600 ಕಾರ್ಡ್ ಬಂತು. ಎಂಟು ಜಿಬಿ, 132 ವ್ಯಾಟ್. ಬೆಳಕು-ನೆರಳು ನಿಜದಂತೆ ತೋರಿಸೋ ರೇ ಟ್ರೇಸಿಂಗ್‌ನಲ್ಲಿ ಸ್ವಲ್ಪ ಸೋಮಾರಿ, ಆದರೆ 1080ಪಿ, ಅಂದ್ರೆ ಫುಲ್ ಎಚ್‌ಡಿ ಪರದೆಯ ಆಟಗಳಲ್ಲಿ ಆರ್‌ಟಿಎಕ್ಸ್ 3050 ಕಾರ್ಡಿಗಿಂತ ಚೆನ್ನಾಗಿಯೇ ಮುಂದೆ. ನನಗೆ ಕೇಳಿದರೆ ಕೊಟ್ಟ ದುಡ್ಡಿಗೆ ಮೋಸ ಇಲ್ಲ.

ಮೋಸ ಇದ್ದದ್ದು ಕಂಪ್ಯೂಟರಿಗೆ ಕರೆಂಟ್ ಹಂಚೋ ಹಳೇ ಎಸ್‌ಎಂಪಿಎಸ್‌ನಲ್ಲಿ. ಮೇಲೆ 450 ವ್ಯಾಟ್ ಅಂತ ದಪ್ಪ ಅಕ್ಷರ, ಕಾರ್ಡಿಗೆ ಬೇಕಾದ 8 ಪಿನ್ ವೈರೇ ಇಲ್ಲ. ಹೊಸದು ತಂದೆವು. ಕಾರ್ಡು ಕೂರಲು ಹಾರ್ಡ್ ಡಿಸ್ಕಿನ ಗೂಡು ಅಡ್ಡ ಬಂತು. ಅಣ್ಣ ಗರಗಸ ಹಿಡಿದ, ಆ ಶಬ್ದಕ್ಕೆ ಪಕ್ಕದ ಮನೆಯವರು ಬಂದು ನಿಂತರು. ಎಲ್ಲ ಜೋಡಿಸಿ ಗೇಮ್ ಶುರು ಮಾಡಿದರೆ ಕರೆಂಟ್ ಹೋಯಿತು. ಹಳೇ ಯುಪಿಎಸ್ ಒಮ್ಮೆ ಕುಂಯ್ ಅಂದು ಅದೂ ಮಲಗಿತು. ಅದನ್ನೂ ಬದಲಿಸಿದೆವು. ಅಣ್ಣ ಪ್ರತಿ ಚೀಟಿಯನ್ನೂ ಜೋಪಾನವಾಗಿ ಡೈರಿಯಲ್ಲಿ ಇಡುತ್ತಿದ್ದ.

ಕಾರ್ಡಿಗೆ ಎರಡು ಫ್ಯಾನ್ ಅಂತ ಕೇಳಿ ಆಯಿಗೆ ಖುಷಿಯೋ ಖುಷಿ. ಮೇ ತಿಂಗಳು, 42 ಡಿಗ್ರಿ ಇಲ್ಲಿ ಮಾಮೂಲು. ಹೋಗಿ ಕಂಪ್ಯೂಟರಿನ ಹಿಂದೆ ಚಾಪೆ ಹಾಸಿಕೊಂಡು ಮಲಗಿದಳು. ಹತ್ತು ನಿಮಿಷಕ್ಕೆ ಎದ್ದು ಕೂತು, "ಬಿಸಿ ಗಾಳಿ ಬರ್ತದಲ್ಲೋ ತಮ್ಮಾ! ಇದು ಕೆಟ್ಟದ್ದು, ವಾಪಸ್ ಕೊಟ್ಟು ಬಾ" ಅಂದಳು.

ಈಗ ಹಾಲ್‌ನ ಕೂಲರ್ ಹುಡುಗನ ಕೋಣೆ ಸೇರಿದೆ. ಅದರ ಕರೆಂಟ್ ಬಿಲ್ಲನ್ನೂ ಅಣ್ಣ ಕಾರ್ಡಿನ ಲೆಕ್ಕಕ್ಕೇ ಬರೆಯುತ್ತಿದ್ದಾನೆ.