ನೀರು ಕುಡೀರಿ, ಆಮೇಲಿನದು ಕೇಳ್ಬೇಡಿ

ಹೆಂಗಸರ ಉರಿಮೂತ್ರಕ್ಕೆ ಔಷಧಿ ಹೇಳುವವರಿಗೆ ನಮ್ಮ ಹಾಸನದಲ್ಲಿ ಬರವಿಲ್ಲ. ಅತ್ತೆ ‘ಉಷ್ಣ ಆಗಿದೆ, ಎಳನೀರು ಕುಡಿ’ ಅನ್ನುತ್ತಾರೆ. ಪಕ್ಕದ ಮನೆಯವರದು ಬಾರ್ಲಿ ನೀರು. ಮೆಡಿಕಲ್ ಶಾಪಿನ ಹುಡುಗ ಚೀಟಿಯನ್ನೂ ಕೇಳದೆ ಎರಡು ಸೆಫಿಕ್ಸಿಮ್ (ಬ್ಯಾಕ್ಟೀರಿಯಾ ಕೊಲ್ಲುವ ಆಂಟಿಬಯೋಟಿಕ್ ಮಾತ್ರೆ) ಕತ್ತರಿಸಿ ಕವರಿಗೆ ಹಾಕುತ್ತಾನೆ. ಈ ಮಾತ್ರೆ ಮಾರಿದರೆ ಡಾಕ್ಟರ ಹೆಸರು, ರೋಗಿಯ ಹೆಸರು ಎರಡನ್ನೂ ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆಯಬೇಕು ಅಂತ 2014ರಿಂದ ಕಾನೂನಿದೆ. ರಿಜಿಸ್ಟರೂ ಇದೆ, ಪಾಪ, ಅದರ ಮೇಲೆ ಕಾಫಿ ಲೋಟ ಇಡುತ್ತಾರೆ. ಮೂತ್ರದಲ್ಲಿ ಯಾವ ಬ್ಯಾಕ್ಟೀರಿಯಾ ಇದೆ ಅಂತ ಹೇಳುವ ಯೂರಿನ್ ಕಲ್ಚರ್ ರಿಪೋರ್ಟ್ ಬರೋಕೆ ಒಂದೆರಡು ದಿನ ಬೇಕು, ಅಷ್ಟರಲ್ಲಿ ಮಾತ್ರೆ ಖಾಲಿ, ಉರಿ ಕಮ್ಮಿ, ಉಳಿದ ಬ್ಯಾಕ್ಟೀರಿಯಾ ಆ ಮಾತ್ರೆಗೆ ಬಗ್ಗದಷ್ಟು ಬುದ್ಧಿವಂತ.

ಡಾಕ್ಟರದು ಮಾತ್ರ ಒಂದೇ ಮಾತು: ನೀರು ಜಾಸ್ತಿ ಕುಡೀರಿ, ಕಟ್ಟಿಕೊಂಡು ಕೂರಬೇಡಿ. ಸುಳ್ಳಲ್ಲ. 2018ರಲ್ಲಿ ಒಂದು ಅಧ್ಯಯನ ಬಂತು. ಪದೇ ಪದೇ ಮೂತ್ರದ ಸೋಂಕಾಗುತ್ತಿದ್ದ, ನೀರು ಕಮ್ಮಿ ಕುಡಿಯುತ್ತಿದ್ದ 140 ಹೆಂಗಸರು. ಅರ್ಧ ಜನ ವರ್ಷವಿಡೀ ದಿನಾ ಒಂದೂವರೆ ಲೀಟರ್ ಜಾಸ್ತಿ ಕುಡಿದರು. ಅವರಿಗೆ ವರ್ಷಕ್ಕೆ ಸರಾಸರಿ 1.7 ಸಲ ಸೋಂಕಾಯಿತು, ಉಳಿದವರಿಗೆ 3.2 ಸಲ. ದುಡ್ಡು ಹಾಕಿದ್ದು ಯಾರು ಗೊತ್ತಾ? ಬಾಟಲಿ ನೀರು ಮಾರುವ ಡ್ಯಾನೋನ್ ಕಂಪನಿ! ಒಳಗೆ ಹೋಗುವ ನೀರಿಗೆ ಹೀಗೆ ವಾರಸುದಾರರಿದ್ದಾರೆ. ಆದರೆ ಆ ಹೆಂಗಸರು ದಿನಕ್ಕೆ ಸುಮಾರು ಎರಡು ಸಲ ಜಾಸ್ತಿ ಎದ್ದು ಹೋಗಬೇಕಾಯ್ತಲ್ಲ, ಅದು ಯಾರ ಖಾತೆಗೆ?

ಹಾಸನಾಂಬೆ ಬಾಗಿಲು ತೆಗೆದಾಗ ಗಂಟೆಗಟ್ಟಲೆ ಕ್ಯೂ ನಿಲ್ಲುವ ಹೆಂಗಸರು ಹಿಂದಿನ ರಾತ್ರಿಯಿಂದಲೇ ನೀರು ಮುಟ್ಟೋದಿಲ್ಲ, ಕೇಳಿದರೆ ಉಪವಾಸ ಅಂತಾರೆ. ಇನ್ನು ಬಸ್ ಸ್ಟ್ಯಾಂಡಿನ ಗೋಡೆ ಮೇಲೆ ‘ಮೂತ್ರ ವಿಸರ್ಜನೆ ಉಚಿತ’ ಅಂತ ಕೆಂಪು ಪೇಂಟು, ಕೆಳಗೆ ಮೇಜು, ಚಿಲ್ಲರೆ ತಟ್ಟೆ.

‘ಐದು ರೂಪಾಯಿ ಕೊಡಮ್ಮ.’

‘ಉಚಿತ ಅಂತ ಬರೆದಿದೆಯಲ್ಲಣ್ಣ?’

‘ಅದು ಗಂಡಸರಿಗೆ.’

ಅದಕ್ಕೇ ನಾನೊಂದು ಸಂಶೋಧನೆಗೆ ಅರ್ಜಿ ಹಾಕೋಣ ಅಂತಿದ್ದೇನೆ. ವಿಷಯ: ಶೌಚಾಲಯದ ಬೀಗಕ್ಕೂ ಸೋಂಕಿಗೂ ಇರುವ ಸಂಬಂಧ. ಎಲ್ಲರಿಗೂ ನೀರು ಕುಡಿಸೋದು, ಅರ್ಧ ಜನಕ್ಕೆ ತೆರೆದ ಬಾಗಿಲು, ಇನ್ನರ್ಧಕ್ಕೆ ‘ಕೀ ಸೂಪರ್‌ವೈಸರ್ ಹತ್ರ ಇದೆ, ಅವರು ಊಟಕ್ಕೆ ಹೋಗಿದ್ದಾರೆ’. ಎರಡನೇ ಗುಂಪನ್ನು ಹುಡುಕೋ ಕಷ್ಟವೂ ಇಲ್ಲ, ಜಿಲ್ಲೆ ತುಂಬ ಇದ್ದಾರೆ, ಎಷ್ಟೋ ವರ್ಷದಿಂದ ಸಂಬಳವಿಲ್ಲದೆ ಪ್ರಯೋಗದಲ್ಲಿದ್ದಾರೆ. ತೊಡಕು ಒಂದೇ. ಪ್ರಯೋಗಕ್ಕೆ ಅಂತ ಹೆಂಗಸರ ಶೌಚಾಲಯಕ್ಕೆ ಬೀಗ ಹಾಕೋದು ಅಮಾನವೀಯ ಅಂತ ಎಥಿಕ್ಸ್ ಕಮಿಟಿಯವರು ಖಂಡಿತ ತಡೆಯುತ್ತಾರೆ. ಪ್ರಯೋಗ ಗಿಯೋಗ ಇಲ್ಲದೆ ಸುಮ್ನೆ ಬೀಗ ಹಾಕೋಕೆ ಯಾವ ಕಮಿಟಿಯ ಪರ್ಮಿಷನ್ನೂ ಬೇಕಿಲ್ಲ.