ಹೊಟ್ಟೆ ಇಳಿಸೋ ತಿಂಗಳು ಬೇರೆ, ಭಾರ ಏರಿಸೋ ತಿಂಗಳು ಬೇರೆ

ಕಳೆದ ಭಾನುವಾರ ಜಿಮ್ಮಿನಲ್ಲಿ ಕಲಬುರಗಿ ಕಡೆಯ ಹುಡುಗಿಯೊಬ್ಬಳು ಸ್ಕ್ವಾಟ್ (ಹೆಗಲ ಮೇಲೆ ಭಾರದ ಬಾರ್ ಹೊತ್ತು ಕೂತು ಏಳುವುದು) ಮುಗಿಸಿದವಳೇ ಕಣ್ಣು ಕತ್ತಲೆ ಬಂದು ಬೆಂಚಿನ ಮೇಲೆ ಕುಸಿದು ಕೂತಳು. ಪುಣೆಯ ಹಿಂಜವಡಿಯಲ್ಲಿ ಕೆಲಸ, 24 ವರ್ಷ. ಬೆಳಿಗ್ಗೆಯಿಂದ ಏನು ತಿಂದಿದ್ದೀ ಅಂತ ಕೇಳಿದೆ. ಒಂದು ಸೇಬು, ಒಂದು ಬ್ಲ್ಯಾಕ್ ಕಾಫಿ. ಬಾರಿನ ಮೇಲೆ 50 ಕಿಲೋ ಇತ್ತು. ಎರಡು ತಿಂಗಳ ಹಿಂದೆ ಇದೇ ಹುಡುಗಿ 60 ಕಿಲೋ ಹಾಕಿಕೊಂಡು ಐದು ಸಲ ಕೂತು ಎದ್ದದ್ದನ್ನು ನಾನೇ ನೋಡಿದ್ದೆ.

"ಅಕ್ಕಾ, ದೀಪಾವಳಿಯೊಳಗ ಹೊಟ್ಟಿ ಕರಗಬೇಕು. ಸ್ಕ್ವಾಟೂ 80ಕ್ಕ ಹೋಗಬೇಕು. ಎರಡೂ ಆಗಂಗಿಲ್ಲೇನು?"

ಆಗೋದಿಲ್ಲ ಅಂದೆ. ಅವಳ ಮುಖ ಸಣ್ಣದಾಯಿತು. ಯಾಕೆ ಆಗೋದಿಲ್ಲ ಅಂತ ಅಲ್ಲಿ ನಿಂತು ಪೂರ್ತಿ ಹೇಳಲು ಸಮಯ ಇರಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಇದೇ ಪ್ರಶ್ನೆ ಇನ್ನೂ ಎಷ್ಟೋ ಜನರ ಮನಸ್ಸಿನಲ್ಲಿದೆ ಅಂತ ನನಗೆ ಗೊತ್ತು.

ನನ್ನ ಕಥೆ ಮೊದಲು ಹೇಳುತ್ತೇನೆ. ನನಗೀಗ 41. ಪುಣೆಗೆ ಬಂದು ಹದಿನೇಳು ವರ್ಷವಾಯಿತು. ಇಡೀ ದಿನ ಕುರ್ಚಿಯಲ್ಲಿ ಕೂತು ಲೆಕ್ಕ ಬರೆಯುವ ಕೆಲಸ. ಬೆನ್ನು ನೋವು ತಡೆಯಲಾರದೆ 36ನೇ ವಯಸ್ಸಿಗೆ ಜಿಮ್ಮಿಗೆ ಹೋದೆ. ಮೊದಲ ಎಂಟು ತಿಂಗಳು ಕೊಬ್ಬೂ ಇಳಿಯಿತು, ಬಲವೂ ಬಂತು. ಹೊಸಬರಿಗೆ ಹಾಗೇ ಆಗುತ್ತದೆ. ಅದರಲ್ಲೂ ಮೈಯಲ್ಲಿ ಕೊಬ್ಬು ಜಾಸ್ತಿ ಇದ್ದವರಿಗೆ ಆ ಕಾಲ ಸುಗ್ಗಿ ಇದ್ದ ಹಾಗೆ. ಆದರೆ ಸುಗ್ಗಿ ವರ್ಷವಿಡೀ ಇರುವುದಿಲ್ಲ, ಅಲ್ವಾ?

ಎರಡನೇ ವರ್ಷದ ಕೊನೆಗೆ ನನ್ನ ತೂಕ 71 ಕಿಲೋ, ನೆಲದಿಂದ ಬಾರ್ ಎತ್ತಿ ನೆಟ್ಟಗೆ ನಿಲ್ಲುವ ಡೆಡ್‌ಲಿಫ್ಟ್ 95 ಕಿಲೋ. ಆಗ ಒಬ್ಬ ಟ್ರೈನರ್ ಕೈಗೆ ಚೀಟಿ ಕೊಟ್ಟರು. ದಿನಕ್ಕೆ 1,100 ಕ್ಯಾಲೊರಿ. ರೊಟ್ಟಿ ಒಂದೇ, ಅದೂ ಮಧ್ಯಾಹ್ನ ಮಾತ್ರ. ಶೇಂಗಾ ಚಟ್ನಿ ಬಂದ್. ನಾಲ್ಕು ತಿಂಗಳಲ್ಲಿ 9 ಕಿಲೋ ಇಳಿದೆ. ಗಣಪತಿ ಹಬ್ಬಕ್ಕೆ ಮನೆಗೆ ಬಂದವರೆಲ್ಲ "ಎಷ್ಟು ಚಂದ ಆಗೀಯಲ್ಲ" ಅಂದರು. ಖುಷಿ ಆಗದೆ ಏನು?

ಹಬ್ಬ ಮುಗಿದ ವಾರ 80 ಕಿಲೋ ಎತ್ತಲು ನಿಂತೆ. ಅಷ್ಟು ಭಾರ ಮೊದಲು ನನಗೆ ಕೈಕಾಲು ಬೆಚ್ಚಗಾಗಲು ಎತ್ತುವ ಭಾರವಾಗಿತ್ತು. ಅಂಗೈಗೆ ಚಾಕ್ ಹಚ್ಚಿಕೊಂಡೆ, ಉಸಿರು ಹೊಟ್ಟೆಯೊಳಗೆ ಹಿಡಿದೆ, ಎಳೆದೆ. ಬಾರ್ ನೆಲ ಬಿಟ್ಟು ಒಂದು ಗೇಣು ಮೇಲೆ ಬಂತು. ಮೊಣಕಾಲಿನ ಕೆಳಗೆ ನಿಂತೇ ಬಿಟ್ಟಿತು. ಮೇಲೆ ಹೋಗಲಿಲ್ಲ. ಕಿರುಬೆರಳು ಮೊದಲು ಬಿಚ್ಚಿತು, ಆಮೇಲೆ ಅದರ ಪಕ್ಕದ್ದು. ಪ್ಲೇಟುಗಳು ಧಡ್ ಅಂತ ನೆಲಕ್ಕೆ ಬಿದ್ದವು. ಆ ಸದ್ದು ಇವತ್ತಿಗೂ ಕಿವಿಯಲ್ಲಿದೆ. ಆ ಹೊತ್ತಿಗೆ ಎರಡು ತಿಂಗಳಿಂದ ಮುಟ್ಟು ನಿಂತಿತ್ತು. ತಲೆ ಬಾಚಿದರೆ ಕೂದಲು ಹಿಡಿ ಹಿಡಿಯಾಗಿ ಬರುತ್ತಿತ್ತು. ಡಾಕ್ಟರ್ ಹೇಳಿದ್ದು ಒಂದೇ ಮಾತು, "ಊಟ ಮಾಡಿ."

ಹೆಣ್ಣುಮಕ್ಕಳಿಗೆ ಇದೊಂದನ್ನು ಒತ್ತಿ ಹೇಳುತ್ತೇನೆ. ಡಯಟ್ ಮಾಡುವಾಗ ಮುಟ್ಟು ನಿಂತರೆ ಸುಮ್ನೆ ಕೂರಬೇಡಿ. ತಿನ್ನುವುದು ಸಾಲದೆ ಹೋದಾಗ ದೇಹ ಮೊದಲು ಮುಚ್ಚುವ ಬಾಗಿಲುಗಳಲ್ಲಿ ಅದೂ ಒಂದು. ಮೂಳೆ ಸವೆಯುವುದೂ ಅಲ್ಲಿಂದಲೇ ಶುರು. ಡಾಕ್ಟರ್ ಹತ್ತಿರ ಹೋಗಿ.

ಒಳಗೆ ಏನಾಗುತ್ತದೆ ಅಂದರೆ, ಕಡಿಮೆ ತಿಂದಾಗ ದೇಹ ಕೊಬ್ಬನ್ನಷ್ಟೇ ಕರಗಿಸುವುದಿಲ್ಲ. ಸ್ನಾಯುವಿನಲ್ಲಿ ಕೂಡಿಟ್ಟ ಗ್ಲೈಕೋಜನ್, ಅಂದರೆ ಸಕ್ಕರೆಯ ದಾಸ್ತಾನು, ಮೊದಲು ಖಾಲಿಯಾಗುತ್ತದೆ. ಒಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು ಮೂರು ಗ್ರಾಂ ನೀರು ಇರುತ್ತದೆ, ಅದೂ ಹೋಗುತ್ತದೆ. ಮೊದಲ ವಾರದಲ್ಲಿ ಕಾಟಾದ ಮುಳ್ಳು ಸರ್ರನೆ ಇಳಿಯುವುದು ಹೆಚ್ಚಾಗಿ ಈ ನೀರಿನಿಂದ. ಆಮೇಲೆ ಪ್ರೋಟೀನ್ ಸಾಲದಿದ್ದರೆ ಸ್ನಾಯುವೇ ಕರಗುತ್ತದೆ. ಇವತ್ತು ಎತ್ತಿದ ಭಾರದ ದಣಿವು ನಾಳೆಯಾದರೂ ಇಳಿಯುವುದಿಲ್ಲ. ಎತ್ತಿಗೆ ಮೇವು ಹಾಕದೆ ಹೊಲ ಉತ್ತರೆ ಎಷ್ಟು ಸಾಲು ನಡೆದೀತು?

ಹಾಗಂತ ಕೊಬ್ಬೇ ಭಾರ ಎತ್ತುತ್ತದೆ ಅಂತಲ್ಲ. ಎತ್ತುವುದು ಸ್ನಾಯು ಮತ್ತು ನರ. ಕೊಬ್ಬು ಮಾಡುವ ಸಹಾಯ ಸಣ್ಣದು, ಆದರೆ ನಿಜವಾದದ್ದು. ಸ್ಕ್ವಾಟಿನಲ್ಲಿ ಕೆಳಗೆ ಕೂತಾಗ ಹೊಟ್ಟೆ ತೊಡೆಗೆ ಒತ್ತಿ ಆಸರೆ ಕೊಡುತ್ತದೆ. ಮಲಗಿ ಎದೆಯ ಮೇಲಿಂದ ಬಾರ್ ತಳ್ಳುವ ಬೆಂಚ್ ಪ್ರೆಸ್ಸಿನಲ್ಲಿ ಎದೆ ದಪ್ಪ ಇದ್ದಷ್ಟೂ ಬಾರ್ ಓಡಾಡುವ ದೂರ ಕಡಿಮೆ. ಅದೇ ಕಂಬಿಗೆ ಜೋತು ಮೈ ಮೇಲೆಳೆಯುವ ಪುಲ್‌ಅಪ್‌ಗೆ ಬನ್ನಿ, ಒಂದೊಂದು ಕಿಲೋ ಕೊಬ್ಬೂ ಕಾಲಿಗೆ ಕಟ್ಟಿದ ಕಲ್ಲು.

ದೊಡ್ಡ ದೊಡ್ಡ ಭಾರ ಎತ್ತುವ ಆಟಗಾರರ ಲೆಕ್ಕ ನೋಡಿದರೆ ಇದು ಸರಿಯಾಗಿ ತಿಳಿಯುತ್ತದೆ. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಟರ್ಕಿಯ ನಯೀಮ್ ಸುಲೇಮನೊಗ್ಲು 60 ಕಿಲೋ ವಿಭಾಗದಲ್ಲಿ 190 ಕಿಲೋ ಕ್ಲೀನ್ ಅಂಡ್ ಜರ್ಕ್ (ಬಾರನ್ನು ಮೊದಲು ಭುಜಕ್ಕೆ, ಆಮೇಲೆ ತಲೆಯ ಮೇಲಕ್ಕೆ ಎತ್ತುವುದು) ಮಾಡಿದರು. ತನ್ನ ಮೈತೂಕದ ಮೂರು ಪಟ್ಟಿಗಿಂತ ಜಾಸ್ತಿ! ಜಾರ್ಜಿಯಾದ ಲಾಷಾ ತಲಖಾಜೆ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಹೀಗೇ 265 ಕಿಲೋ ಎತ್ತಿದರು, ಆದರೆ ಅವರ ಮೈತೂಕ 170 ಕಿಲೋಗಿಂತ ಮೇಲೆ. ಲಾಷಾ ಅವರ ವಿಭಾಗಕ್ಕೆ ಮೇಲಿನ ಮಿತಿಯೇ ಇಲ್ಲ. ಅಲ್ಲಿ ಹೊಟ್ಟೆ ಬಂದರೂ ನಷ್ಟವಿಲ್ಲ. ನಯೀಮ್ ಅವರಿಗೆ 60 ಕಿಲೋದ ಗೆರೆ ಇತ್ತು. ಆ ಗೆರೆಯೊಳಗೆ ಒಂದು ಕಿಲೋ ಕೊಬ್ಬು ಇಟ್ಟುಕೊಂಡರೆ ಒಂದು ಕಿಲೋ ಸ್ನಾಯುವಿಗೆ ಜಾಗ ಇಲ್ಲ.

ನಮ್ಮ ಕುಂದಾಪುರ ಕಡೆಯ ಗುರುರಾಜ ಪೂಜಾರಿ 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 56 ಕಿಲೋ ವಿಭಾಗದಲ್ಲಿ ಎರಡು ಬಗೆಯ ಎತ್ತುವಿಕೆ ಸೇರಿ ಒಟ್ಟು 249 ಕಿಲೋ ಎತ್ತಿ ಬೆಳ್ಳಿ ತಂದರು. ಅದೇ ವರ್ಷದ ಕೊನೆಗೆ ತೂಕದ ವಿಭಾಗಗಳೇ ಬದಲಾದವು. 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ 61 ಕಿಲೋ ವಿಭಾಗದಲ್ಲಿ ನಿಂತು 269 ಕಿಲೋ ಎತ್ತಿ ಕಂಚು ಗೆದ್ದರು. 20 ಕಿಲೋ ಜಾಸ್ತಿ. ನಾಲ್ಕು ವರ್ಷದ ಬೆವರಿನ ಫಲ ಅದು. ಜೊತೆಗೆ ಮೈಗೂ ಸ್ವಲ್ಪ ಜಾಗ ಸಿಕ್ಕಿತ್ತು ಅನ್ನುವುದನ್ನು ಮರೆಯಬಾರದು.

ನಾವು ಯಾವ ವಿಭಾಗದಲ್ಲೂ ಸ್ಪರ್ಧೆಗೆ ನಿಲ್ಲುವವರಲ್ಲ. ಮತ್ತೆ ಯಾರ ಗೆರೆಗೆ ಹೆದರಿ ಹಸಿದುಕೊಂಡು ಭಾರ ಎತ್ತುತ್ತೇವೆ? ಗೋಡೆಯ ಪೋಸ್ಟರಿನಲ್ಲಿರುವ ಸಿಕ್ಸ್ ಪ್ಯಾಕಿಗೆ. ಫೋಟೊ ತೆಗೆಯುವ ದಿನಕ್ಕಾಗಿ ವಾರಗಟ್ಟಲೆ ಒಣಗಿಸಿದ ಮೈ ಅದು. ಆ ಹೊತ್ತಿನಲ್ಲಿ ಆ ಮನುಷ್ಯ ವರ್ಷದಲ್ಲೇ ಅತಿ ಸೊರಗಿರುತ್ತಾನೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತ ನಮ್ಮ ಹಿರಿಯರು ಹೇಳಿದ್ದು ಇದಕ್ಕೂ ಸರಿಯಾಗಿ ಹೊಂದುತ್ತದೆ.

ಹಾಗಾದರೆ ಸಿಕ್ಕಿದ್ದೆಲ್ಲ ತಿಂದು ಬಲ್ಕ್ ಮಾಡೋಣ, ಅಂದರೆ ಮೈ ಬೆಳೆಸೋಣ, ಅನ್ನುವವರಿಗೂ ಒಂದು ಮಾತಿದೆ. ಇಲ್ಲಿ ನನ್ನ ಮಾಮಾ ನೆನಪಾಗುತ್ತಾನೆ.

ಮಾಮಾ 1972ರ ಬರಗಾಲದಲ್ಲಿ ವಿಜಯಪುರ ಕಡೆಯ ನಮ್ಮ ಹಳ್ಳಿ ಬಿಟ್ಟು ಪುಣೆಗೆ ಬಂದ. ಮಾರ್ಕೆಟ್ ಯಾರ್ಡಿನಲ್ಲಿ ಹಮಾಲಿ. 1993ರ ಬೇಸಿಗೆ ರಜೆಯಲ್ಲಿ ಅವ್ವನ ಜೊತೆ ಬಂದಾಗ ಅವನು ಕೆಲಸ ಮಾಡುವುದನ್ನು ನೋಡಿದೆ. ಹೊಟ್ಟೆ ಮುಂದೆ ಬಂದಿತ್ತು, ಅಂಗಿಯ ಗುಂಡಿ ಹಾಕಲು ಬರುತ್ತಿರಲಿಲ್ಲ. ಆದರೆ ಇಬ್ಬರು ಕೊಕ್ಕೆ ಹಾಕಿ ಕ್ವಿಂಟಾಲ್ ಚೀಲ ಬೆನ್ನಿಗೆ ಏರಿಸಿದರೆ, ತಲೆ ತಗ್ಗಿಸಿ ಹಲಗೆ ಮೇಲೆ ಸರಸರ ನಡೆದು ಲಾರಿಗೆ ಹಾಕಿ ಬರುತ್ತಿದ್ದ. ಊರ ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತುವವರನ್ನು ನೋಡಿದ್ದೆ. ಮಾಮಾ ಅಂಥದ್ದನ್ನು ದಿನಾ ಮಾಡುತ್ತಿದ್ದ. ಹೊಟ್ಟೆ ಇದ್ದವರಿಗೆ ಬಲ ಇರುವುದಿಲ್ಲ ಅಂತ ಯಾರಾದರೂ ಹೇಳಿದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಆದರೆ 52ಕ್ಕೆ ಮಾಮಾ ಹಮಾಲಿ ಬಿಟ್ಟ. ಚೀಲ ಹೋಯಿತು, ಊಟ ಹಾಗೇ ಇತ್ತು, ಹೊಟ್ಟೆಯೂ ಹಾಗೇ ಇತ್ತು. ಎರಡು ವರ್ಷದೊಳಗೆ ಸಕ್ಕರೆ ಕಾಯಿಲೆ. ಈಗ ಕಾಲಿನ ಬೆರಳುಗಳಲ್ಲಿ ಸ್ಪರ್ಶವೇ ಇಲ್ಲ.

ತೂಕ ಅಷ್ಟೇ ಇದ್ದರೂ ಸ್ನಾಯು ಕಡಿಮೆ, ಕೊಬ್ಬು ಜಾಸ್ತಿ ಇರುವ ನಮ್ಮ ಭಾರತೀಯರ ಮೈಯ ಸ್ವಭಾವವನ್ನು ಕಂಡುಹಿಡಿಯುವ ಕೆಲಸ ಇದೇ ಪುಣೆಯಲ್ಲಿ ನಡೆದಿದೆ. ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ 2004ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಫೋಟೊ ಹಾಕಿದರು. ಅದರಲ್ಲಿ ಅವರು ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, 22.3. ಆದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು 9.1 ಪರ್ಸೆಂಟ್, ಯಾಜ್ಞಿಕ್ ಮೈಯಲ್ಲಿ 21.2! ಪುಣೆ ಸುತ್ತಲಿನ ಹಳ್ಳಿಗಳ ಕೂಸುಗಳನ್ನೂ ಅವರ ತಂಡ ಅಳೆದಿತ್ತು. ಸರಾಸರಿ ತೂಕ 2.7 ಕಿಲೋ, ಇಂಗ್ಲೆಂಡಿನ ಕೂಸುಗಳದು 3.5. ಅಷ್ಟು ಸಣ್ಣ ಕೂಸುಗಳಲ್ಲಿ ಸ್ನಾಯು ತುಂಬಾ ಕಡಿಮೆ ಇತ್ತು, ಕೊಬ್ಬು ಮಾತ್ರ ಅಷ್ಟಾಗಿ ಕಡಿಮೆ ಇರಲಿಲ್ಲ. ಹುಟ್ಟುವಾಗಲೇ ನಮ್ಮ ಪಾಲಿಗೆ ಸ್ನಾಯು ಕಡಿಮೆ ಬಂದಿರುತ್ತದೆ. ಅದಕ್ಕೇ ನಮ್ಮವರು ಬರೀ ತೂಕ ಇಳಿಸುತ್ತಾ ಹೋಗುವುದು ನನಗೆ ಸಂಕಟದ ವಿಷಯ. ಇರುವ ಸ್ನಾಯುವನ್ನೂ ಕಳೆದುಕೊಂಡರೆ ಉಳಿಯುವುದೇನು?

ನಾನು ಈಗ ಮಾಡುವುದು ಇಷ್ಟು. ವರ್ಷದಲ್ಲಿ ಎಂಟೊಂಬತ್ತು ತಿಂಗಳು ಬಲದ ಕಾಲ. ಹೊಟ್ಟೆ ತುಂಬಾ ತಿನ್ನುತ್ತೇನೆ. ಎರಡು ಜೋಳದ ರೊಟ್ಟಿ, ಮಡಕಿಕಾಳು ಪಲ್ಯ, ಮೊಸರು, ಮೊಟ್ಟೆ, ಪನೀರ್. ದಿನಕ್ಕೆ ಮೈತೂಕದ ಕಿಲೋಗೆ 1.6 ಗ್ರಾಂ ಪ್ರೋಟೀನ್ ಮುಟ್ಟಿಸಲು ನೋಡುತ್ತೇನೆ. ಒಂದು ಮೊಟ್ಟೆಯಲ್ಲಿ ಸಿಗುವುದು ಆರೇ ಗ್ರಾಂ, ಹಾಗಾಗಿ ಅದು ತಾನಾಗಿ ಆಗುವ ಮಾತಲ್ಲ. ಉಳಿದ ಹತ್ತು ಹನ್ನೆರಡು ವಾರ ಕೊಬ್ಬಿನ ಕಾಲ. ಆಗ ವಾರಕ್ಕೆ ಅರ್ಧ ಕಿಲೋಗಿಂತ ಜಾಸ್ತಿ ಇಳಿಸುವುದಿಲ್ಲ. ಬಾರಿನ ಮೇಲಿನ ಭಾರ ಆದಷ್ಟು ಹಾಗೇ ಇಟ್ಟು ಸೆಟ್ಟುಗಳನ್ನು, ಅಂದರೆ ಎತ್ತುವ ಸುತ್ತುಗಳನ್ನು, ಕಡಿಮೆ ಮಾಡುತ್ತೇನೆ. ಆಗ ಹೊಸ ದಾಖಲೆಯ ಆಸೆ ಇಟ್ಟುಕೊಳ್ಳುವುದಿಲ್ಲ, ಇದ್ದದ್ದು ಉಳಿದರೆ ಸಾಕು.

ಕೈಯಲ್ಲಿ ಹಿಡಿದು ಕೊಬ್ಬು ಅಳೆಯುವ ಮಷಿನ್ ನಂಬುವುದನ್ನು ಬಿಟ್ಟೆ. ನೀರು ಕುಡಿದರೆ ಒಂದು ಅಂಕಿ, ಕುಡಿಯದಿದ್ದರೆ ಇನ್ನೊಂದು. ಟೈಲರ್ ಟೇಪು ಸಾಕು. ನಮ್ಮ ದೇಶದವರಿಗೆ ಸೊಂಟದ ಮಿತಿ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80. ನನ್ನದು 88 ಇತ್ತು, ಈಗ 81. ತೂಕ 66. ಡೆಡ್‌ಲಿಫ್ಟ್ 115. ಆ ಒಂದು ಸೆಂಟಿಮೀಟರ್ ಜನವರಿಯಲ್ಲಿ ನೋಡಿಕೊಳ್ಳುತ್ತೇನೆ.

ಇದನ್ನೆಲ್ಲ ಆ ಹುಡುಗಿಗೆ ಸೋಮವಾರ ರಾತ್ರಿ ಫೋನಿನಲ್ಲಿ ಹೇಳಿದೆ. ಯಾವುದು ಮೊದಲು ಬೇಕು ನೀನೇ ಆರಿಸಿಕೋ ಅಂದೆ. ಬಹಳ ಹೊತ್ತು ಸುಮ್ಮನಿದ್ದು "ಸ್ಕ್ವಾಟ್ ಅಕ್ಕಾ" ಅಂದಳು. ಅವಳ ಸೊಂಟ 76. ಅವಸರ ಏನೂ ಇಲ್ಲ.

ಬುಧವಾರ ಊಟ ಮಾಡಿ ಬಂದಿದ್ದಳು. 55 ಕಿಲೋ ಮೂರು ಸಲ ಕೂತು ಎದ್ದಳು. ಶನಿವಾರ ಮತ್ತೆ ಸ್ಕ್ವಾಟ್ ಇದೆ. ಅವಳ ರೂಮಿನಲ್ಲಿ ಮೊಟ್ಟೆ ಬೇಯಿಸಲು ಬಿಡುವುದಿಲ್ಲವಂತೆ. ನಾನೇ ನಾಲ್ಕು ಬೇಯಿಸಿ ಡಬ್ಬಿಯಲ್ಲಿ ತರುತ್ತೇನೆ ಅಂದಿದ್ದೇನೆ.