ದಾಸವಾಳಕ್ಕೆ 250 ವಾಟ್

ಇವತ್ತು ಬೆಳಿಗ್ಗೆಯೂ ಬಾಲ್ಕನಿಯ ದಾಸವಾಳದ ಗಿಡಕ್ಕೆ ಹಾಕಿದ ಲೈಟ್ ಆಫ್ ಆಗಿತ್ತು. ಯಾರು ಮಾಡಿದ್ದು ಅಂತ ಪತ್ತೆ ಹಚ್ಚಬೇಕಾಗಿಲ್ಲ. ಮನೆಯಲ್ಲಿ ಇರುವುದೇ ಮೂರು ಜನ. ಇವರು ಎಂಟೂವರೆಗೆ ಮೊದಲು ಏಳುವುದಿಲ್ಲ. ನಾನು ಮಾಡಿಲ್ಲ. ಉಳಿದವರು ಮಾವ.

ಉರಿಯುತ್ತಿರುವ ಲೈಟ್ ಕಂಡರೆ ಮಾವನವರಿಗೆ ಆಗಿಬರುವುದಿಲ್ಲ. ಹಾಲ್‌ನಿಂದ ಅಡುಗೆಮನೆಗೆ ನೀರು ಕುಡಿಯಲು ಹೊರಟರೆ ದಾರಿಯಲ್ಲಿರುವ ಸ್ವಿಚ್ಚನ್ನೆಲ್ಲ ಆಫ್ ಮಾಡಿಕೊಂಡೇ ಹೋಗುತ್ತಾರೆ. ಬಚ್ಚಲುಮನೆಯ ಲೈಟ್ ಆರಿಸಿದ ಮೇಲೆ "ಒಳಗೆ ಯಾರಾದ್ರೂ ಇದ್ದೀರಾ?" ಅಂತ ಕೇಳುತ್ತಾರೆ. ಇದ್ದೀನಿ ಮಾವ, ಕಣ್ಣಲ್ಲಿ ಸೋಪು ಇದೆ. ವೈಫೈ ಡಬ್ಬಿಯ ಹಸಿರು ಚುಕ್ಕಿಯನ್ನೂ ಬಿಡುವುದಿಲ್ಲ. ಆಫೀಸಿನ ಮೀಟಿಂಗಿನಲ್ಲಿ ನಾನು ಬಾಯಿ ತೆರೆದವಳು ತೆರೆದ ಹಾಗೇ ನಿಂತುಹೋಗಿದ್ದೇನೆ.

ಅದನ್ನೆಲ್ಲ ಸಹಿಸಿಕೊಂಡಿದ್ದೇನೆ. ಆದರೆ ದಾಸವಾಳದ ಲೈಟ್ ತಂದಿದ್ದೇ ಅವರಿಗೋಸ್ಕರ. ಅದೇ ನನ್ನ ಹೊಟ್ಟೆಉರಿ.

ಬೆಂಗಳೂರಿನಲ್ಲಿ ಬೆಳಿಗ್ಗೆ ವಾಕಿಂಗ್ ಹೋಗುವ ಹಿರಿಯರ ಜೇಬಿನಲ್ಲಿ ಪೂಜೆಯ ಹೂವಿಗೆ ಒಂದು ಪ್ಲಾಸ್ಟಿಕ್ ಕವರ್ ಇರುತ್ತದೆ, ನಿಮಗೂ ಗೊತ್ತು. ಕಾಂಪೌಂಡಿನಿಂದ ಹೊರಗೆ ಚಾಚಿದ ಕೊಂಬೆ ಸಾರ್ವಜನಿಕರದ್ದು ಅನ್ನುವುದು ಇವರೆಲ್ಲರ ಕಾನೂನು. ಒಳಗೇ ಉಳಿದ ಕೊಂಬೆಗೆ ಕೊಡೆಯ ಹಿಡಿ ಇದ್ದೇ ಇದೆ. ನಮ್ಮ ಮಾವ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದವರು, ಒಂದು ಪೆನ್ಸಿಲ್ ಕದ್ದ ಹುಡುಗನನ್ನೂ ಸುಮ್ಮನೆ ಬಿಟ್ಟವರಲ್ಲ. ಹೂವಿನ ವಿಷಯದಲ್ಲಿ ಮಾತ್ರ ಅವರಿಗೆ ಕಳ್ಳತನ ಅನ್ನುವ ಪದವೇ ನೆನಪಾಗುವುದಿಲ್ಲ. ಕೊನೆಗೊಂದು ದಿನ ಎದುರು ಮನೆ ಆಂಟಿ ನನ್ನನ್ನು ತರಕಾರಿ ಗಾಡಿ ಹತ್ತಿರ ಹಿಡಿದರು. "ನಿಮ್ಮ ಮಾವನಿಗೆ ಹೇಳಮ್ಮ, ನಮ್ಮ ದೇವರಿಗೂ ಒಂದೆರಡು ಬಿಡಲಿ."

ಅತ್ತೆ ಇದ್ದಾಗ ಈ ತಾಪತ್ರಯ ಇರಲಿಲ್ಲ. ಅರಸೀಕೆರೆ ಹತ್ತಿರದ ಊರಿನ ಮನೆಯ ಹಿತ್ತಿಲಲ್ಲಿ, ಬಾವಿಕಟ್ಟೆ ಪಕ್ಕ, ಐದೆಸಳಿನ ಕೆಂಪು ದಾಸವಾಳದ ದೊಡ್ಡ ಗಿಡ ಇತ್ತು. ಮಾವ ಸ್ನಾನ ಮುಗಿಸಿ ಬರುವಷ್ಟರಲ್ಲಿ ದೇವರ ಮುಂದೆ ಹೂವಿನ ತಟ್ಟೆ ಇರುತ್ತಿತ್ತು. ಹೂ ಎಲ್ಲಿಂದ ಬರುತ್ತದೆ ಅಂತ ಅವರು ಯಾವತ್ತೂ ಕೇಳಿದವರಲ್ಲ. ಮನೆ ಮಾರಿ ಇಲ್ಲಿಗೆ ಬಂದ ಮೇಲೆ ತಟ್ಟೆ ಮಾತ್ರ ಬಂತು. ಅವರು ಕೊಡೆ ಹಿಡಿದು ಹೊರಡುವುದನ್ನು ನೋಡಿದರೆ ಒಮ್ಮೊಮ್ಮೆ ನನಗೂ ಏನೂ ಹೇಳಲು ಬಾಯಿ ಬರುವುದಿಲ್ಲ.

ಸರಿ, ಮನೆಯಲ್ಲೇ ದಾಸವಾಳ ಬೆಳೆಸೋಣ ಅಂತ ತೀರ್ಮಾನ ಆಯಿತು. ಗ್ರಿಲ್ ಹಾಕಿದ ಬಾಲ್ಕನಿಯಲ್ಲಿ ಎರಡು ಕುಂಡ. ಆದರೆ ಪಕ್ಕದ 30×40 ಸೈಟಿನಲ್ಲಿ ನಾಲ್ಕು ಮಹಡಿ ಎದ್ದ ಮೇಲೆ ನಮ್ಮ ಸೂರ್ಯ ಹನ್ನೊಂದೂವರೆಗೆ ಬಂದು ಹನ್ನೆರಡಕ್ಕೆ ಹೊರಟುಬಿಡುತ್ತಾನೆ. ಮೊಗ್ಗು ಬಿಟ್ಟವು, ಹಳದಿಯಾದವು, ಉದುರಿದವು. "ಬೆಳಕು ಚೆನ್ನಾಗೇ ಇದೆಯಲ್ಲ, ಪೇಪರ್ ಓದಬಹುದು" ಅಂದರು ಇವರು. ದಾಸವಾಳ ಪೇಪರ್ ಓದುವುದಿಲ್ಲ. ಫೋನಿನಲ್ಲಿ ಬೆಳಕು ಅಳೆಯುವ ಆ್ಯಪ್ ಹಾಕಿ ನೋಡಿದರೆ ಬಾಲ್ಕನಿಯಲ್ಲಿ 800 ಲಕ್ಸ್. ಮಧ್ಯಾಹ್ನದ ನೇರ ಬಿಸಿಲು ಸುಮಾರು 1 ಲಕ್ಷ ಲಕ್ಸ್. ನಮ್ಮ ಕಣ್ಣು ಎಲ್ಲದಕ್ಕೂ ಹೊಂದಿಕೊಂಡು 'ಚೆನ್ನಾಗಿದೆ' ಅನ್ನುತ್ತದೆ. ಗಿಡಕ್ಕೆ ಆ ಸೌಜನ್ಯ ಇಲ್ಲ.

ಮೊದಲು ಆನ್‌ಲೈನಿನಲ್ಲಿ ಒಂದು ಎಲ್‌ಇಡಿ ತರಿಸಿದೆವು. ಡಬ್ಬದ ಮೇಲೆ '1000 ವಾಟ್' ಅಂತ ದಪ್ಪ ಅಕ್ಷರ. ಮಾವ ಅದನ್ನು ವಾಟ್ ಅಳೆಯುವ ಪ್ಲಗ್‌ಗೆ ಸಿಕ್ಕಿಸಿ ನೋಡಿದರೆ 100 ಕೂಡ ದಾಟಲಿಲ್ಲ. "ಸಾವಿರ ಅಂತ ಬರೆದು ನೂರು ಕೊಡ್ತಾನಾ? ನಮ್ಮ ಕಾಲದಲ್ಲಿ ಸೊನ್ನೆಗೂ ಬೆಲೆ ಇತ್ತು" ಅಂದರು. ಆ 1000 ಅನ್ನುವುದು 'ಅಷ್ಟಕ್ಕೆ ಸಮ' ಅನ್ನುವ ಲೆಕ್ಕವಂತೆ. ಯಾವುದಕ್ಕೆ ಸಮ, ಡಬ್ಬ ಹೇಳುವುದಿಲ್ಲ. ಮೇಲಾಗಿ ಕೆಂಪು ನೀಲಿ ಸೇರಿ ಬಾಲ್ಕನಿಯೆಲ್ಲ ನೇರಳೆ. ಬೀದಿಯ ಹುಡುಗರು ತಲೆ ಎತ್ತಿ ನೋಡಿ ನಗತೊಡಗಿದರು. ಬಾಡಿಗೆ ಮನೆಯೊಳಗೆ ಲೈಟ್ ಹಾಕಿ ಗಾಂಜಾ ಬೆಳೆದವರ ಸುದ್ದಿ ಪೇಪರಿನಲ್ಲಿ ಬಂದಿದ್ದು ನನಗೂ ನೆನಪಿತ್ತು. ಪೊಲೀಸರು ಬಂದರೆ ಪೂಜೆಗೆ ಅಂದರೆ ನಂಬುತ್ತಾರಾ? ಅದನ್ನು ವಾಪಸ್ ಕಳಿಸಿದೆವು.

ಆಮೇಲೆ ಇವರು ಎಸ್.ಪಿ. ರೋಡಿಗೆ ಹೋದರು. ಎಲ್ಲರೂ ಎಲ್‌ಇಡಿಗೆ ಬದಲಾಗಿರುವುದರಿಂದ ಹಳೇ ಮೆಟಲ್ ಹ್ಯಾಲೈಡ್ ಫ್ಲಡ್‌ಲೈಟ್ ಅಲ್ಲಿ ಅಗ್ಗ.

"ಯಾವುದಕ್ಕೆ ಸಾರ್?" ಅಂದ ಅಂಗಡಿಯವನು.

"ದಾಸವಾಳಕ್ಕೆ."

"ಕಲ್ಯಾಣಮಂಟಪಾನಾ ಸಾರ್? ಹಂಗಾದ್ರೆ ನಾಲ್ಕು ಬೇಕಾಗುತ್ತೆ."

ಒಂದೇ ತಂದರು. 250 ವಾಟ್. ಜೊತೆಗೆ ಇಟ್ಟಿಗೆ ತೂಕದ ಒಂದು ಚೋಕ್, ಒಂದು ಇಗ್ನೈಟರ್. ಬಲ್ಬ್ ಹತ್ತಿಸಲು ಆ ಪುಟ್ಟ ಇಗ್ನೈಟರ್ ಕೆಲವು ಸಾವಿರ ವೋಲ್ಟಿನ ಹೊಡೆತ ಕೊಡುತ್ತದೆ. ಇದನ್ನು ಕೇಳಿದ ಮೇಲೂ ನಮ್ಮ ಎಲೆಕ್ಟ್ರಿಷಿಯನ್ "ಏನೂ ಆಗಲ್ಲ ಮೇಡಂ" ಅಂತ ಅರ್ತ್ ವೈರನ್ನು ಕತ್ತರಿಸಿ ಟೇಪ್ ಸುತ್ತಲು ಹೊರಟಿದ್ದ. ಮಾವ ಮೇಷ್ಟ್ರ ದನಿ ತೆಗೆದರು. ಅರ್ತ್ ಬಂತು. ಕರೆಂಟ್ 30 ಮಿಲಿಆಂಪ್ ಸೋರಿದರೂ ತಾನೇ ಆಫ್ ಆಗುವ ಇಎಲ್‌ಸಿಬಿ ಬಂತು. ಚೋಕ್ ನೆಲದಿಂದ ಮೇಲೆ, ಗೋಡೆಗೆ ಹೋಯಿತು. ಬಲ್ಬ್ ಕಾದಾಗ ಒಂದು ಹನಿ ನೀರು ಬಿದ್ದರೂ ಗಾಜು ಸಿಡಿಯಬಹುದು, ಹೊರಗಾಜು ಒಡೆದ ಬಲ್ಬ್ ಉರಿಸಿದರೆ ಕಣ್ಣಿಗೂ ಚರ್ಮಕ್ಕೂ ಕೆಟ್ಟದ್ದು ಮಾಡುವ ಅತಿನೇರಳೆ ಕಿರಣ ಹೊರಗೆ ಬರುತ್ತದೆ ಅಂತ ಪಾಠ ಆಯಿತು. ಆದ್ದರಿಂದ ಮುಂದೆ ಗಾಜು ಮುಚ್ಚಿದ ಫಿಟ್ಟಿಂಗೇ ಇರಲಿ, ಸ್ಪ್ರೇ ಹೊಡೆಯುವುದು ಲೈಟ್ ಆರಿ ತಣ್ಣಗಾದ ಮೇಲೆ. "ಎಷ್ಟು ಎತ್ತರಕ್ಕೆ ಕಟ್ಟೋದು ಮಾವ?" ಅಂದೆ. ದೂರ ಎರಡರಷ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ ಅಂತ ಬೋರ್ಡ್ ಇಲ್ಲದೆಯೇ ಬರೆದು ತೋರಿಸಿ, ಕೊನೆಗೆ ಎಲೆಯ ಎತ್ತರದಲ್ಲಿ ಹಿಂಗೈ ಹಿಡಿದು ನೋಡಿದರು. ಕೈಗೆ ಸುಡುತ್ತಿದ್ದರೆ ಎಲೆಗೂ ಸುಡುತ್ತದೆ. ಅಷ್ಟೇ ಲೆಕ್ಕ.

ಇಷ್ಟೆಲ್ಲ ಮಾಡಿದವರು, ಲೈಟ್ ಹತ್ತಿ ಅರ್ಧ ಗಂಟೆ ಆಗಿರಲಿಲ್ಲ, ಎದ್ದು ಹೋಗುವಾಗ ಆಫ್ ಮಾಡಿ ಹೋದರು.

ಮೆಟಲ್ ಹ್ಯಾಲೈಡಿನ ಒಂದು ಗುಣ ಇದೆ. ಒಮ್ಮೆ ಆರಿಸಿದರೆ ತಕ್ಷಣ ಹತ್ತುವುದಿಲ್ಲ. ಬಲ್ಬಿನೊಳಗಿನ ಬಿಸಿ ಅನಿಲದ ಒತ್ತಡ ಇಳಿಯಬೇಕು. ಹತ್ತು ಹದಿನೈದು ನಿಮಿಷ ಬೇಕು. ನಾನು ಬಂದು ಸ್ವಿಚ್ ಹಾಕುತ್ತೇನೆ, ಲೈಟ್ ಇಲ್ಲ. ಮಾವ ಬರುತ್ತಾರೆ. "ಹೋಯ್ತು ಅನ್ಸುತ್ತೆ ಬಲ್ಬು." ಸ್ವಿಚ್ ಆಫ್, ಆನ್, ಆಫ್. ಇವರು ಬರುತ್ತಾರೆ. ಹೋಲ್ಡರ್ ಅಲ್ಲಾಡಿಸೋಣವೇ ಅನ್ನುತ್ತಾರೆ. ಬೇಡ ಅಂತ ನಾನು ಕಿರುಚುತ್ತೇನೆ. ಮೂವರೂ ಬೇಸರ ಬಂದು ಕಾಫಿ ಕುಡಿಯಲು ಕೂತಾಗ ಹಿಂದಿನಿಂದ ಭಗ್ ಅಂತ ಬೆಳಕು. ಮಾವ ಕಾಫಿ ಲೋಟ ಕೆಳಗಿಟ್ಟು, ಯಾರೋ ಲೈಟ್ ಆರಿಸುವುದನ್ನು ಮರೆತಿದ್ದಾರೆ ಅಂತ ಎದ್ದು ಹೋಗುತ್ತಾರೆ.

ಇದಕ್ಕೆ ಪರಿಹಾರವಾಗಿ ಟೈಮರ್ ತಂದೆವು. ಚೋಕಿನ ಲೈಟಿಗೆ ಸಣ್ಣ ಟೈಮರ್ ಹಾಕಿದರೆ ಅದರ ಒಳಗಿನ ಕಾಂಟ್ಯಾಕ್ಟ್ ಸುಟ್ಟು ಅಂಟಿಕೊಳ್ಳುತ್ತದೆ ಅಂತ ಗಟ್ಟಿಯದ್ದನ್ನೇ ತಂದೆವು. ಚಕ್ರ ತಿರುಗುವ ಜಾತಿಯದ್ದು. ಬೆಳಿಗ್ಗೆ ಆರಕ್ಕೆ ಆನ್, ಸಂಜೆ ಆರಕ್ಕೆ ಆಫ್. ಆದರೆ ಟೈಮರ್ ಕೂತಿರುವ ಸಾಕೆಟ್ಟಿಗೂ ಒಂದು ಸ್ವಿಚ್ ಇದೆಯಲ್ಲ. ಅದನ್ನು ಆರಿಸಿದರೆ ಚಕ್ರವೂ ನಿಲ್ಲುತ್ತದೆ. ಐದು ಗಂಟೆ ಆಫ್ ಇದ್ದರೆ ಟೈಮರಿನ ಪ್ರಪಂಚ ಐದು ಗಂಟೆ ಹಿಂದೆ.

ನಾವಿಬ್ಬರೂ ಒಂದು ಗೃಹಪ್ರವೇಶಕ್ಕೆ ಧಾರವಾಡಕ್ಕೆ ಹೋದೆವು. ಮಾವ ಒಬ್ಬರೇ. ದಿನಾ ಬೆಳಿಗ್ಗೆ ಅವರು ಆರಿಸುತ್ತಿದ್ದರು, ದಿನಾ ಮಧ್ಯಾಹ್ನ ನಾನು ಫೋನ್ ಮಾಡಿ "ಮಾವ, ಲೈಟ್ ಹಾಕಿ" ಅನ್ನುತ್ತಿದ್ದೆ, ಅವರು ಹಾಕುತ್ತಿದ್ದರು. ಹಾಗೆ ಜಾರುತ್ತಾ ಜಾರುತ್ತಾ, ನಾವು ವಾಪಸ್ ಬಂದು ಸುಸ್ತಾಗಿ ಮಲಗಿದ ರಾತ್ರಿ, ಟೈಮರಿಗೆ ಬೆಳಿಗ್ಗೆ ಆರು ಆಗಿದ್ದು ಮಧ್ಯರಾತ್ರಿ ಎರಡಕ್ಕೆ.

ಬಾಲ್ಕನಿಯಲ್ಲಿ ಸೂರ್ಯೋದಯವಾಯಿತು. ಮೆಟಲ್ ಹ್ಯಾಲೈಡಿನದು ಹಳದಿ ಬೆಳಕಲ್ಲ, ಹಗಲಿನ ಬಿಳಿ. ಮಾವನ ಕೋಣೆ ಬಾಲ್ಕನಿ ಪಕ್ಕದ್ದೇ. ಅಯ್ಯೋ ತಡವಾಯ್ತು ಅಂತ ಎದ್ದರು. ಗೀಸರ್ ಕೂಡ ಹಾಕದೆ ತಣ್ಣೀರು ಸ್ನಾನ ಮಾಡಿದರು. ಮಡಿ ಉಟ್ಟರು. ಗಡಿಯಾರ ನೋಡುವ ಅಭ್ಯಾಸ ಅವರಿಗಿಲ್ಲ, ಬೆಳಕು ನೋಡುವವರು. ಪ್ಲಾಸ್ಟಿಕ್ ಕವರ್, ಕೊಡೆ ತಗೊಂಡು ಮೆಟ್ಟಿಲಿಳಿದರು. ಬೀದಿಯ ನಾಯಿಗಳಿಗೆ ತಾವು ಕಂಡಿದ್ದನ್ನು ನಂಬಲು ಸ್ವಲ್ಪ ಹೊತ್ತು ಬೇಕಾಯಿತು, ಆಮೇಲೆ ಒಟ್ಟಿಗೆ ಬೊಗಳಿದವು. ನಮ್ಮ ಲೈಟ್ ನೇರ ಮುಖಕ್ಕೆ ಹೊಡೆದು ಎದುರು ಮನೆ ಆಂಟಿ ಆಗಲೇ ಎದ್ದು ಕಿಟಕಿಯಲ್ಲಿ ನಿಂತಿದ್ದರು. ಅವರ ಕಣ್ಣ ಮುಂದೆ, ಎರಡೂಮುಕ್ಕಾಲಿಗೆ, ಮಡಿಯುಟ್ಟ ನಿವೃತ್ತ ಮೇಷ್ಟ್ರು ಕೊಡೆಯಿಂದ ಕೊಂಬೆ ಬಗ್ಗಿಸಿ ಅರಳದ ಮೊಗ್ಗನ್ನು ಅನುಮಾನದಿಂದ ನೋಡುತ್ತಿದ್ದರು.

"ಸಾರ್," ಅಂದರಂತೆ ಆಂಟಿ, "ರಾತ್ರಿ ಪಾಳಿಯೂ ಶುರುವಾಯ್ತಾ?"

ಮಾವ ಒಳಗೆ ಬಂದು ನಮ್ಮ ಬಾಗಿಲು ಬಡಿದರು. ನಾನು ಎದ್ದು ಬಂದಾಗ ಅವರು ಹೇಳಿದ್ದು ಒಂದೇ ಮಾತು. "ನೋಡಮ್ಮಾ, ಅದಕ್ಕೇ ನಾನು ಆಫ್ ಮಾಡೋದು."

ಆ ತಿಂಗಳ ಬಿಲ್ಲು ಬಂದ ಮೇಲಂತೂ ಮನೆಯಲ್ಲಿ ಅವರದೇ ರಾಜ್ಯ. ಚೋಕೂ ಸೇರಿ ಸುಮಾರು 275 ವಾಟ್, ದಿನಕ್ಕೆ 12 ಗಂಟೆ ಅಂದರೆ 3.3 ಯೂನಿಟ್, ತಿಂಗಳಿಗೆ ಹತ್ತಿರ ಹತ್ತಿರ 100. ನಮ್ಮದು ಗೃಹಜ್ಯೋತಿಯ ಸೊನ್ನೆ ಬಿಲ್ಲಿನ ಮನೆ. 2023ರ ಆಗಸ್ಟಿನಿಂದ ಬಂದ ಸೊನ್ನೆ ಬಿಲ್ಲುಗಳನ್ನೆಲ್ಲ ಮಾವ ಒಂದು ಫೈಲಿನಲ್ಲಿ ಪಂಚ್ ಮಾಡಿ ಇಟ್ಟಿದ್ದಾರೆ. ಸೊನ್ನೆಯನ್ನು ಯಾಕೆ ಫೈಲ್ ಮಾಡಬೇಕು ಅಂತ ಕೇಳಬೇಡಿ. ನಮಗೆ ಸಾಮಾನ್ಯವಾಗಿ 120ರ ಆಸುಪಾಸು ಆಗುತ್ತಿತ್ತು, ಈಗ 200 ದಾಟಿತು. 200 ದಾಟಿದರೆ ದಾಟಿದ್ದಕ್ಕೆ ಮಾತ್ರ ಅಲ್ಲ, ಪೂರ್ತಿ ಬಿಲ್ಲು ಕಟ್ಟಬೇಕು. ಮಾವ ಅದನ್ನೂ ಪಂಚ್ ಮಾಡಿ ಫೈಲಿನ ಮೇಲ್ಭಾಗದಲ್ಲಿ ಹಾಕಿದ್ದಾರೆ, ಬಂದವರಿಗೆಲ್ಲ ಕಾಣುವ ಹಾಗೆ.

ಮೊದಲ ಹೂವು ಅರಳಿದ್ದು ಅದೇ ವಾರ. ಅಂಗೈಯಗಲದ ಕೆಂಪು ಹೂವು. ನಾನೇ ಕಿತ್ತು ಅತ್ತೆಯ ತಟ್ಟೆಯಲ್ಲಿಟ್ಟೆ. ಮಾವ ನೋಡಿದರು. "ಕರೆಂಟಿನ ಹೂವು ದೇವರಿಗೆ ಆಗುತ್ತಾ?" ಅಂದರು. ಪುರೋಹಿತರಿಗೆ ಫೋನ್ ಹೋಯಿತು. ಅವರ ದೇವಸ್ಥಾನದಲ್ಲಿ ಡ್ರಮ್ಮು, ಜಾಗಟೆ, ಗಂಟೆ ಎಲ್ಲ ಕರೆಂಟಿನಲ್ಲೇ ಬಡಿಯುತ್ತವೆ, ಆಗಲ್ಲ ಅಂತ ಹೇಗೆ ಹೇಳುತ್ತಾರೆ? ಆಗುತ್ತೆ ಅಂದರು. ದಾಸವಾಳ ಅರಳಿದರೆ ಒಂದೇ ದಿನ. ಆವತ್ತಿನ ಯೂನಿಟ್ ಲೆಕ್ಕ ಹಾಕಿ ಮಾವ ದೇವರಿಗೆ ಏರಿಸಿದರು.

ಇಷ್ಟಕ್ಕೇ ಮುಗಿಯುತ್ತಿತ್ತು. ಮೊನ್ನೆ ರಾತ್ರಿ ಚಿಕ್ಕಬಳ್ಳಾಪುರದ ಕಡೆಯಿಂದ ಬರುತ್ತಿದ್ದೆವು. ಹೊಲದ ತುಂಬ ಬಲ್ಬು, ಸಾಲು ಸಾಲು. "ಗಾಡಿ ನಿಲ್ಲಿಸು!" ಅಂದರು ಮಾವ. ಯಾರಿಗೋ ಏನೋ ಆಯಿತು ಅಂತ ಇವರು ಬ್ರೇಕ್ ಒತ್ತಿದರು. ಮಾವ ಆಗಲೇ ಬಾಗಿಲು ತೆರೆಯುತ್ತಿದ್ದರು. "ಯಾರೋ ಪಾಪ ಹೊಲದ ಲೈಟೆಲ್ಲ ಹಂಗೇ ಬಿಟ್ಟು ಮಲಗಿದ್ದಾರೆ, ಹೇಳಿ ಬರ್ತೀನಿ." ಕೂರಿಸಿ ವಿವರಿಸಿದೆ. ಅದು ಸೇವಂತಿಗೆ ಮಾವ, ರಾತ್ರಿ ಉದ್ದವಾದರೆ ಹೂ ಬಿಡುವ ಗಿಡ. ಮಧ್ಯೆ ಬೆಳಕು ಕೊಟ್ಟು ರಾತ್ರಿಯನ್ನು ಮುರಿದರೆ ಹೂ ಬಿಡದೆ ಬೆಳೆಯುತ್ತಾ ಇರುತ್ತದೆ. ಬೇಕಾದಾಗ ಲೈಟ್ ನಿಲ್ಲಿಸುತ್ತಾರೆ, ಆಮೇಲೆ ಮೊಗ್ಗು ಬರುತ್ತದೆ, ಹಬ್ಬದ ಮಾರ್ಕೆಟ್ಟಿಗೆ ಸರಿಯಾಗಿ.

ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ನಿಧಾನವಾಗಿ ಅಂದರು. "ಅಂದ್ರೆ ಲೈಟ್ ಆಫ್ ಮಾಡಿದ್ರೆ ಹೂ ಬರುತ್ತೆ."

ಅದು ಸೇವಂತಿಗೆಗೆ ಮಾವ, ದಾಸವಾಳಕ್ಕೆ ಬೇಕಾಗಿರುವುದು ಜಾಸ್ತಿ ಬೆಳಕು ಅಂತ ದೇವನಹಳ್ಳಿಯವರೆಗೂ ಹೇಳಿದೆ. ಅವರು ಕಿಟಕಿಯಿಂದ ಹೊರಗೆ ನೋಡುತ್ತಾ ತೃಪ್ತಿಯಿಂದ ತಲೆಯಾಡಿಸುತ್ತಿದ್ದರು. ಇಷ್ಟು ವರ್ಷ ಅಭ್ಯಾಸವಾಗಿದ್ದದ್ದು ಈಗ ವಿಜ್ಞಾನವಾಗಿದೆ.

ಈಗ ಬಿಳಿ ಬೆಳಕಿನ ಒಳ್ಳೆಯ ಎಲ್‌ಇಡಿ ತರಿಸಿದ್ದೇವೆ. ಡಬ್ಬದಲ್ಲೂ 100 ವಾಟ್, ಅಳೆದರೂ 100. ತಿಂಗಳಿಗೆ 36 ಯೂನಿಟ್, 200ರ ಒಳಗೇ ಉಳಿಯುತ್ತೇವೆ, ನಮ್ಮ ಮನೆಗೆ ನಿಗದಿಯಾದ ಉಚಿತ ಯೂನಿಟ್ಟಿಗಿಂತ ಹೆಚ್ಚಾದ ಸ್ವಲ್ಪಕ್ಕೆ ಮಾತ್ರ ದುಡ್ಡು. ಆರಿಸಿದರೂ ತಕ್ಷಣ ಹತ್ತುತ್ತದೆ. ಸ್ವಿಚ್ಚನ್ನು ಕೈಗೆ ಸಿಗದ ಎತ್ತರಕ್ಕೆ, ಬೀಗದ ಡಬ್ಬದೊಳಗೆ ಹಾಕಿಸಲು ಎಲೆಕ್ಟ್ರಿಷಿಯನ್‌ಗೆ ಭಾನುವಾರ ಬಾ ಅಂತ ಹೇಳಲು ಫೋನ್ ಮಾಡಿದೆ.

"ಗೊತ್ತು ಮೇಡಂ, ಸಾರ್ ಬೆಳಿಗ್ಗೆನೇ ಮಾಡಿದ್ರು" ಅಂದ. "ಮೇನ್ ಬೋರ್ಡಿನಲ್ಲಿ ಆ ಬಾಲ್ಕನಿ ಲೈನಿಗೆ ಯಾವ ಎಂಸಿಬಿ ಸ್ವಿಚ್ಚು ಅಂತ ಕೇಳಿ ಬರ್ಕೊಂಡ್ರು."